ಮಗು ನಿಮ್ಮ ಮುಖ ನೋಡದೆ ಯೋಚಿಸಬೇಕೆಂದರೆ: ಸೃಜನಶೀಲ, ಸ್ವತಂತ್ರ ಚಿಂತನೆ ಕಲಿಸುವ ಸಮಗ್ರ ಮಾರ್ಗದರ್ಶಿ

"ಏನಾದರೂ ಹೊಸದಾಗಿ ಯೋಚಿಸು" ಎಂದು ಮಗುವಿಗೆ ಹೇಳುತ್ತೀರಿ. ಅದು "ಗೊತ್ತಿಲ್ಲ" ಅನ್ನುತ್ತದೆ. ನೀವು ಒಂದು ಸುಳಿವು ಕೊಡುತ್ತೀರಿ, ಆಮೇಲೆ ಇನ್ನೊಂದು, ಕೊನೆಗೆ ಉತ್ತರವನ್ನೇ ಕೊಟ್ಟುಬಿಡುತ್ತೀರಿ. ಬಹಳಷ್ಟು ಪ್ರಯತ್ನಗಳು ಇಲ್ಲಿಗೇ ನಿಲ್ಲುತ್ತವೆ. ತಪ್ಪಿರುವುದು ಮಗುವಿನಲ್ಲೂ ಅಲ್ಲ, ಕೊಂಡು ತಂದ ಆಟಿಕೆಯಲ್ಲೂ ಅಲ್ಲ, ಕ್ರಮದಲ್ಲಿ. ಯೋಚಿಸಲು ಬಿಡುವು ಕೊಡುವ ಮೊದಲೇ ಐಡಿಯಾ ಕೇಳುತ್ತೇವೆ. ಐಡಿಯಾ ಬಾಯಿಗೆ ಬರುವಷ್ಟರಲ್ಲಿ ಸರಿ, ತಪ್ಪು ಅಂದುಬಿಡುತ್ತೇವೆ. ಪರೀಕ್ಷಿಸಿ ನೋಡುವುದನ್ನು ಕಲಿಸದೆಯೇ "ನೀನೇ ನಿರ್ಧಾರ ಮಾಡು" ಎಂದು ಕೈಬಿಡುತ್ತೇವೆ.

ಇಲ್ಲಿರುವ ಏಳೂ ಹಂತಗಳ ಗುರಿ ಒಂದೇ. ಉತ್ತರ ಹೇಳಿದ ಕೂಡಲೇ ಮಗು ನಿಮ್ಮ ಮುಖ ನೋಡುತ್ತಿದ್ದರೆ, ಸರಿ ಯಾವುದು ಎಂಬ ತೀರ್ಪು ಇನ್ನೂ ನಿಮ್ಮ ಕೈಯಲ್ಲಿದೆ ಎಂದರ್ಥ. ಉತ್ತರ ಹೇಳಿ ಮತ್ತೆ ಆ ವಸ್ತುವನ್ನೋ ಚಿತ್ರವನ್ನೋ ಲೆಕ್ಕವನ್ನೋ ನೋಡತೊಡಗಿದರೆ ತೀರ್ಪು ಮಗುವಿನ ಕೈಗೆ ಬಂದಿದೆ. ಅಲ್ಲಿಯವರೆಗೆ ಅದು ಎಷ್ಟೇ ವಿಚಿತ್ರವಾದ ಐಡಿಯಾ ಹೇಳಲಿ, ನಿಮ್ಮನ್ನು ಮೆಚ್ಚಿಸಲು ಹೇಳುತ್ತಿರುತ್ತದೆ, ಅಷ್ಟೇ.

ಈ ಕ್ರಮ 4ರಿಂದ 12 ವರ್ಷದ ಮಕ್ಕಳಿಗೆ ಹೊಂದುತ್ತದೆ. ದಿನಕ್ಕೆ 15–20 ನಿಮಿಷದಂತೆ ಮೊದಲ ಐದು ಹಂತಗಳಿಗೆ ಸುಮಾರು ಹತ್ತು ವಾರ ಬೇಕು. ಆರು ಮತ್ತು ಏಳನೆಯ ಹಂತಗಳಿಗೆ ಮುಗಿತಾಯ ಎಂಬುದಿಲ್ಲ.

## ಶುರುವಿಗೆ ಮುನ್ನ: ಏನು ಬೇಕು, ಏನು ಬೇಡ

ಬೇಕಾದದ್ದು ಇಷ್ಟೇ: ಗೆರೆಯಿಲ್ಲದ ಹಾಳೆಗಳು, ಪೆನ್ಸಿಲ್, ಮೊಂಡು ತುದಿಯ ಕತ್ತರಿ, ಅಂಟುಪಟ್ಟಿ, ದಾರ, ಖಾಲಿ ರಟ್ಟಿನ ಪೆಟ್ಟಿಗೆಗಳು, ಬಾಟಲಿ ಮುಚ್ಚಳಗಳು, ಒಂದೇ ಅಳತೆಯ ನಾಣ್ಯಗಳು, ಒಂದು ಅಳತೆಪಟ್ಟಿ, ಒಂದು ದಪ್ಪ ನೋಟ್‌ಬುಕ್. ಸಮಯ ನೋಡಲು ಗಡಿಯಾರ. ಮೊದಲ ಎರಡು ಹಂತಗಳಿಗೆ ಮಾತ್ರ ಧ್ವನಿ ಮುದ್ರಿಸುವ ಫೋನ್.

ಬೇಡದ್ದು, ಪೆಟ್ಟಿಗೆಯ ಮೇಲೆ ಸಿದ್ಧ ಮಾದರಿಯ ಚಿತ್ರವಿರುವ ಕಿಟ್. ಅದರಿಂದ ಸೂಚನೆ ಪಾಲಿಸುವುದನ್ನು ಕಲಿಸಬಹುದು, ಅದೂ ಒಳ್ಳೆಯದೇ. ಆದರೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಈಗಾಗಲೇ ಕೊಂಡಿದ್ದರೆ ಪೆಟ್ಟಿಗೆ ಮತ್ತು ಸೂಚನೆಯ ಹಾಳೆಯನ್ನು ಎತ್ತಿಟ್ಟು ತುಂಡುಗಳನ್ನಷ್ಟೇ ಕೊಡಿ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗುವೂ ಇದ್ದರೆ ಬಾಯಿಗೆ ಹೋಗುವಂಥ ಮುಚ್ಚಳ, ನಾಣ್ಯಗಳನ್ನು ಅದರ ಕೈಗೆಟುಕದಂತೆ ಇಡಿ. ಗುಂಡಿ ಬ್ಯಾಟರಿ ಮತ್ತು ಪುಟ್ಟ ಬಲವಾದ ಅಯಸ್ಕಾಂತಗಳನ್ನು ಸಾಮಗ್ರಿಯಲ್ಲಿ ಸೇರಿಸಲೇಬೇಡಿ. ನುಂಗಿದರೆ ಒಳಗಿನ ಅಂಗಾಂಶವನ್ನೇ ತೂತು ಮಾಡಬಲ್ಲವು.

ಹೊತ್ತು ನಿಗದಿಯಾಗಿರಲಿ. ಮಗು ಹಸಿದಿರುವಾಗ, ಹೋಮ್‌ವರ್ಕ್ ಮುಗಿದ ಕೂಡಲೇ, ನಿದ್ದೆಗೆ ಮುನ್ನ, ಈ ಮೂರು ಹೊತ್ತು ಬಿಟ್ಟು ಯಾವಾಗಲಾದರೂ ಸರಿ.

ಇನ್ನೊಂದು ಸಿದ್ಧತೆಯನ್ನು ಬಹುತೇಕರು ಮರೆಯುತ್ತಾರೆ. ಖಾಲಿ ತಲೆಯಿಂದ ಹೊಸ ಆಲೋಚನೆ ಹುಟ್ಟುವುದಿಲ್ಲ. ಹಕ್ಕಿಗೂಡನ್ನು ಹತ್ತಿರದಿಂದ ನೋಡಿರದ ಮಗುವಿಗೆ "ಹೊಸ ಬಗೆಯ ಗೂಡು ಯೋಚಿಸು" ಅಂದರೆ ಅದು ತಡವರಿಸುವುದು ಸಹಜ. ಆದ್ದರಿಂದ ಮೊದಲ ವಾರಗಳಲ್ಲಿ ಮಗುವಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಆರಿಸಿ: ಅದು ದಿನಾ ಬಳಸುವ ಚೀಲ, ಆಡುವ ಆಟ, ಸಾಕಿರುವ ಪ್ರಾಣಿ.

## ಹಂತ 1: ಒಂದು ವಾರ ಏನನ್ನೂ ಬದಲಿಸಬೇಡಿ, ಎಣಿಸಿ

ಮಗುವಿನೊಂದಿಗೆ ನೀವು ಎಂದಿನಂತೆ ಮಾತಾಡುವ 15 ನಿಮಿಷವನ್ನು ವಾರದಲ್ಲಿ ಮೂರು ಸಲ ಮುದ್ರಿಸಿಕೊಳ್ಳಿ. ಆಮೇಲೆ ಒಬ್ಬರೇ ಕೂತು ಕೇಳಿ, ಮೂರು ಲೆಕ್ಕ ಬರೆದಿಡಿ.

ಒಂದು, ಒಂದೇ ಸರಿಯುತ್ತರವಿರುವ ಪ್ರಶ್ನೆಯನ್ನು ಎಷ್ಟು ಸಲ ಕೇಳಿದಿರಿ ("ಇದು ಯಾವ ಬಣ್ಣ?", "ಏಳಕ್ಕೆ ಐದು ಕೂಡಿದರೆ?"). ಎರಡು, ಪ್ರಶ್ನೆ ಕೇಳಿ ನೀವೇ ಉತ್ತರಿಸಿದ್ದು ಎಷ್ಟು ಸಲ. ಮೂರು, ಮಗುವಿನ ಮಾತು ಮುಗಿಯುವ ಮೊದಲೇ ಬಾಯಿ ಹಾಕಿದ್ದು ಎಷ್ಟು ಸಲ. ಮಗು ನಿಮ್ಮ ಮುಖ ನೋಡಿದ್ದು ಧ್ವನಿಯಲ್ಲಿ ಸಿಗುವುದಿಲ್ಲ, ಅದನ್ನು ಆ ಹೊತ್ತಿನಲ್ಲೇ ಗಮನಿಸಿ.

ಇಲ್ಲಿ ಆಗುವ ತಪ್ಪು, ಮುದ್ರಿಸುತ್ತಿದ್ದೇವೆಂದು ಗೊತ್ತಿರುವುದರಿಂದ ಮಾದರಿ ಪಾಲಕರಂತೆ ಮಾತಾಡುವುದು. ಮೊದಲ ಮುದ್ರಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಯಿತು.

## ಹಂತ 2: ಮೂರು ಸೆಕೆಂಡಿನ ಮೌನ (ಎರಡು ವಾರ)

ತರಗತಿಗಳ ಮಾತುಕತೆಯನ್ನು ಮುದ್ರಿಸಿ ಅಧ್ಯಯನ ಮಾಡಿದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು, ಮಕ್ಕಳು ತಾವೇ ಪ್ರಶ್ನೆ ಕೇಳತೊಡಗಿದರು. ಇಡೀ ಮಾರ್ಗದರ್ಶಿಯಲ್ಲಿ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಇಷ್ಟು ಕಷ್ಟದ್ದೂ ಇನ್ನೊಂದಿಲ್ಲ.

1. ಪ್ರಶ್ನೆ ಕೇಳಿ. ಮನಸ್ಸಿನಲ್ಲೇ ನಿಧಾನವಾಗಿ ಮೂರು ಎಣಿಸಿ. ನಾಲ್ಕೈದು ವರ್ಷದ ಮಗುವಾದರೆ ಎಂಟು, ಹತ್ತರವರೆಗೂ ಎಣಿಸಬೇಕಾಗಬಹುದು.
2. ಮಗು ಉತ್ತರಿಸಿದ ಮೇಲೆ ಮತ್ತೆ ಮೂರು ಎಣಿಸಿ. ಎರಡನೆಯ ಈ ಮೌನವೇ ಹೆಚ್ಚು ಫಲ ಕೊಡುತ್ತದೆ. ಮಗು ತಾನಾಗಿ "ಅಲ್ಲ ಅಲ್ಲ..." ಎಂದು ತಿದ್ದಿಕೊಳ್ಳುವುದೂ "ಮತ್ತೆ..." ಎಂದು ಮುಂದುವರಿಸುವುದೂ ಇಲ್ಲಿಯೇ.
3. ಆಮೇಲೂ "ಸರಿ", "ಭೇಷ್" ಅನ್ನಬೇಡಿ. ಮಗು ಹೇಳಿದ್ದನ್ನೇ ಅದರ ಮಾತಿನಲ್ಲಿ ತಿರುಗಿ ಹೇಳಿ ಸಾಕು.

ಮೌನ ಕೆಡುವುದು ಎರಡು ರೀತಿಯಲ್ಲಿ. ಮಗುವನ್ನೇ ದಿಟ್ಟಿಸುತ್ತಾ ಕಾದರೆ ಅದು ವಿಚಾರಣೆಯಾಗುತ್ತದೆ. ಕಣ್ಣು ವಸ್ತುವಿನ ಮೇಲಿರಲಿ, ಮಗುವಿನ ನೋಟವೂ ಅತ್ತ ಹೋಗುತ್ತದೆ. ಇನ್ನೊಂದು, ಉತ್ತರ ಬರಲಿಲ್ಲವೆಂದು ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುವುದು. ನಿಮಗೆ ಅದು ಸಹಾಯ, ಮಗುವಿಗೆ ಹೊಸ ಪ್ರಶ್ನೆ. ಅರ್ಧ ಯೋಚಿಸಿದ್ದನ್ನು ಬಿಟ್ಟು ಅದು ಮೊದಲಿಂದ ಶುರುಮಾಡಬೇಕಾಗುತ್ತದೆ.

ಈ ಎರಡು ವಾರಗಳ ಕೊನೆಗೆ ಮತ್ತೊಮ್ಮೆ ಮುದ್ರಿಸಿ ಎಣಿಸಿ. ನೀವೇ ಉತ್ತರಿಸುವುದು ಅರ್ಧಕ್ಕಾದರೂ ಇಳಿದಿರದಿದ್ದರೆ ಮುಂದಕ್ಕೆ ಹೋಗಬೇಡಿ.

## ಹಂತ 3: ಪ್ರಶ್ನೆಯ ಜಾಡು ಬದಲಿಸುವುದು (ಎರಡು ವಾರ)

"ನಿನಗೇನನ್ನಿಸುತ್ತೆ?" ಒಳ್ಳೆಯ ಪ್ರಶ್ನೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನೇ ಮೊದಲ ಪ್ರಶ್ನೆಯಾಗಿ ಕೇಳಿದರೆ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನೋಡುವುದು, ಊಹಿಸುವುದು, ಕೇಳುವುದು ಎಂಬ ಮೂರು ಮೆಟ್ಟಿಲು ಇಟ್ಟುಕೊಳ್ಳಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೋ ತಂಡ ರೂಪಿಸಿದ ಈ ಪದ್ಧತಿ ಹಲವು ಶಾಲೆಗಳಲ್ಲಿ ಬಳಕೆಯಲ್ಲಿದೆ.

1. ಒಂದು ಚಿತ್ರವನ್ನೋ ವಸ್ತುವನ್ನೋ ಮುಂದಿಟ್ಟು "ಏನೇನು ಕಾಣಿಸ್ತಿದೆ?" ಅನ್ನಿ. ಕನಿಷ್ಠ ಐದು ಸಂಗತಿ ಬರುವವರೆಗೆ ಇಲ್ಲೇ ನಿಲ್ಲಿ. "ಅವನಿಗೆ ಬೇಜಾರಾಗಿದೆ" ಅಂದರೆ ಅದು ಕಂಡದ್ದಲ್ಲ, ಊಹೆ. "ಅದು ಯಾವುದನ್ನ ನೋಡಿ ಗೊತ್ತಾಯ್ತು?" ಎಂದು ಕೇಳಿ, "ತಲೆ ಬಗ್ಗಿಸಿದಾನೆ" ಎಂಬ ಕಂಡ ಸಂಗತಿ ಆಗ ಹೊರಬರುತ್ತದೆ.
2. "ಏನು ನಡೀತಿರಬಹುದು?" ಈಗ ಊಹೆ. ಪ್ರತಿ ಊಹೆಗೂ ಕಂಡದ್ದರಿಂದ ಒಂದು ಆಧಾರ ಬೇಕು.
3. "ಇನ್ನೂ ಏನು ಗೊತ್ತಾಗಬೇಕು?" ಈಗ ಮಗುವಿನ ಪ್ರಶ್ನೆ.

"ಯಾಕೆ?" ಎಂಬ ಒಂಟಿ ಪದವನ್ನು ಎಚ್ಚರದಿಂದ ಬಳಸಿ. ಬೈಗುಳದ ಮೊದಲ ಪದವೂ ಬಹುಪಾಲು ಅದೇ ಆಗಿರುವುದರಿಂದ ಮಗು ಸಮಜಾಯಿಷಿ ಕೊಡಲು ಹೊರಡುತ್ತದೆ. "ಹಾಗನ್ನಿಸೋಕೆ ಏನು ಕಾರಣ?" ಎಂದರೆ ಅದೇ ಕೆಲಸ ಆಗುತ್ತದೆ, ಹೆದರಿಕೆ ಇರುವುದಿಲ್ಲ.

ದಪ್ಪ ನೋಟ್‌ಬುಕ್ ಇಲ್ಲಿಂದ ಕೆಲಸಕ್ಕೆ ಬರುತ್ತದೆ. ಅದು ಮಗುವಿನ ಪ್ರಶ್ನೆ ಪುಸ್ತಕ. ದಿನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಮಗುವೇ ಆರಿಸಿ ಬರೆಯಲಿ. ಬರೆಯಲು ಬಾರದಿದ್ದರೆ ಹೇಳಲಿ, ನೀವು ಬರೆಯಿರಿ. ವಾರಕ್ಕೊಮ್ಮೆ ಕೂತು ಪ್ರಶ್ನೆಗಳನ್ನು ನಾಲ್ಕು ಗುಂಪು ಮಾಡಿ: ನೋಡಿ ತಿಳಿಯುವಂಥದ್ದು, ಮಾಡಿ ತಿಳಿಯುವಂಥದ್ದು, ಓದಿಯೋ ಬಲ್ಲವರನ್ನು ಕೇಳಿಯೋ ತಿಳಿಯುವಂಥದ್ದು, ಒಂದೇ ಉತ್ತರವಿಲ್ಲದ್ದು. "ಇರುವೆ ಸಾಲಾಗಿ ಯಾಕೆ ಹೋಗುತ್ತೆ?" ಎಂಬುದು ನೋಡುವುದರಿಂದ ಶುರುವಾಗಿ ಮಾಡುವುದಕ್ಕೆ ದಾಟುತ್ತದೆ: ಸಾಲಿನ ಅಡ್ಡಕ್ಕೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇರುವೆಗಳು ಅಲ್ಲಿ ತಡವರಿಸುವುದನ್ನು ಮಗುವೇ ಕಾಣುತ್ತದೆ. ಜಾಡಿನ ವಾಸನೆಯ ಮಾತು ಆಮೇಲೆ ಬರಲಿ. "ಗೆಳೆಯ ಸುಳ್ಳು ಹೇಳಿದರೆ ಬೇರೆಯವರಿಗೆ ಹೇಳಬೇಕಾ?" ನಾಲ್ಕನೆಯ ಗುಂಪಿನದು, ಅದನ್ನು ಆರನೆಯ ಹಂತಕ್ಕೆ ಉಳಿಸಿಕೊಳ್ಳಿ. ಈ ವಿಂಗಡಣೆಯನ್ನು ನಿಧಾನವಾಗಿ ಮಾಡಿ. ಉತ್ತರ ಎಲ್ಲಿಂದ ಬರುತ್ತದೆ ಎಂದು ಗೊತ್ತಿರುವ ಮಗು ಪ್ರತಿಯೊಂದಕ್ಕೂ ನಿಮ್ಮ ಹತ್ತಿರ ಓಡಿಬರುವುದಿಲ್ಲ.

## ಹಂತ 4: ಒಂದಲ್ಲ, ಹಲವು ಉತ್ತರ (ಎರಡು ವಾರ)

ಒಂದು ವಸ್ತುವಿಗೆ ಎಷ್ಟು ಬಗೆಯ ಉಪಯೋಗವಿದೆ ಎಂದು ಕೇಳುವ ಅಭ್ಯಾಸ ಮನಶ್ಶಾಸ್ತ್ರಜ್ಞ ಜೆ. ಪಿ. ಗಿಲ್ಫರ್ಡ್ ಅವರ ಕಾಲದಿಂದ ನಡೆದುಬಂದದ್ದು. ಇಟ್ಟಿಗೆ, ರಟ್ಟಿನ ಪೆಟ್ಟಿಗೆ, ಹಳೆಯ ಕಾಲುಚೀಲ, ಯಾವುದಾದರೂ ಆದೀತು.

1. ಮೂರು ನಿಮಿಷ ಎಲ್ಲರೂ ಮಾತಿಲ್ಲದೆ ಅವರವರ ಹಾಳೆಯಲ್ಲಿ ಬರೆಯಿರಿ ಅಥವಾ ಚಿತ್ರಿಸಿ. ನೀವೂ ಬರೆಯಿರಿ.
2. ಒಬ್ಬರಾದ ಮೇಲೊಬ್ಬರು ಓದಿ. ನಗು, ಟೀಕೆ, ಹೊಗಳಿಕೆ ಯಾವುದೂ ಬೇಡ.
3. "ಇನ್ನು ಮೂರು" ಎಂದು ಮತ್ತೆರಡು ನಿಮಿಷ ಕೊಡಿ. ಮೊದಲು ಬರುವ ಉತ್ತರಗಳು ಎಲ್ಲರಿಗೂ ಹೊಳೆಯುವಂಥವೇ. ಸ್ವಂತದ್ದು ಬರುವುದು ಅವು ಖಾಲಿಯಾದ ಮೇಲೆ. ಪಟ್ಟಿ ಮುಗಿಯಿತು ಅನ್ನಿಸುವ ಜಾಗದಲ್ಲಿ ಅಭ್ಯಾಸ ಶುರುವಾಗುತ್ತದೆ.

ಮೊದಲು ಒಬ್ಬೊಬ್ಬರೇ ಬರೆಯಬೇಕು ಅನ್ನುವುದಕ್ಕೆ ಕಾರಣವಿದೆ. ಗುಂಪಾಗಿ ಕೂತು ಐಡಿಯಾ ಹೇಳಿದವರಿಗಿಂತ, ಅಷ್ಟೇ ಜನ ಬೇರೆಬೇರೆ ಕೂತು ಬರೆದು ಆಮೇಲೆ ಕೂಡಿಸಿದಾಗ ಹೆಚ್ಚು ಐಡಿಯಾ ಸಿಕ್ಕಿದ್ದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಷ್ಟು ಹಿಂದೆಯೇ ತೋರಿಸಿದ್ದಾರೆ. ಅಕ್ಕ ಒಂದು ಐಡಿಯಾ ಹೇಳಿದರೆ ತಮ್ಮನ ತಲೆಯೂ ಅದೇ ದಾರಿ ಹಿಡಿಯುತ್ತದೆ.

ಎಣಿಸುವಾಗ ಸಂಖ್ಯೆಯನ್ನಲ್ಲ, ಬಗೆಯನ್ನು ಎಣಿಸಿ. ಇಟ್ಟಿಗೆಯಿಂದ ಮನೆ, ಗೋಡೆ, ಕಟ್ಟೆ, ಗೋಪುರ ಎಂದರೆ ನಾಲ್ಕು ಉತ್ತರ, ಒಂದೇ ಬಗೆ. ಬಾಗಿಲು ಬಡಿಯದಂತೆ ತಡೆಯಲು, ನೆಲದ ಮೇಲೆ ಗೀಚಲು, ಅಳತೆಯ ಕೋಲಾಗಿ ಎಂದರೆ ಮೂರೇ ಉತ್ತರ, ಮೂರು ಬಗೆ. ಎರಡನೆಯ ಪಟ್ಟಿಯೇ ಮೇಲು.

ಮಗು ಸಿಕ್ಕಿಕೊಂಡಾಗ ಉತ್ತರದ ಬದಲು ಒಂದು ತಿರುವು ಕೊಡಿ: "ಇದು ನೂರು ಪಟ್ಟು ದೊಡ್ಡದಾಗಿದ್ರೆ?", "ಒಂದು ಭಾಗ ತೆಗೆದುಬಿಟ್ರೆ?", "ಇದನ್ನ ಇರುವೆ ಬಳಸೋದಾದ್ರೆ?", "ತಲೆಕೆಳಗು ಮಾಡಿದ್ರೆ?"

ಮಾದರಿ ತೋರಿಸುವ ಚಟ ಈ ಹಂತವನ್ನು ಹಾಳುಮಾಡುತ್ತದೆ. 2011ರಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಬೊನಾವಿಟ್ಜ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳಿಗೆ ಹಲವು ಗುಟ್ಟುಗಳಿರುವ ಒಂದು ಆಟಿಕೆ ಕೊಟ್ಟಿದ್ದರು. "ನೋಡು, ಇದು ಹೀಗೆ ಕೆಲಸ ಮಾಡುತ್ತೆ" ಎಂದು ಒಂದು ಗುಟ್ಟನ್ನು ಪಾಠದಂತೆ ತೋರಿಸಿದಾಗ ಮಕ್ಕಳು ಅದನ್ನೇ ಮಾಡುತ್ತಾ ಉಳಿದವನ್ನು ಕಡಿಮೆ ಹುಡುಕಿದರು. ಅದೇ ಗುಟ್ಟು ಆಕಸ್ಮಿಕವಾಗಿ ಕಂಡಂತೆ ತೋರಿಸಿದಾಗ ಹೆಚ್ಚು ಹುಡುಕಿದರು. ಮಗುವಿಗೆ ಹೊಸ ವಸ್ತು ಕೊಟ್ಟಾಗ ಮೊದಲ ಹತ್ತು ನಿಮಿಷ ಕೈಕಟ್ಟಿ ಕೂರಿ. ಏನನ್ನಾದರೂ ತೋರಿಸಲೇಬೇಕಿದ್ದರೆ "ಇದು ಒಂದು, ಇನ್ನೂ ಏನೇನಿದೆಯೋ" ಎಂದು ಬಾಗಿಲು ತೆರೆದಿಡಿ.

ಮಿತಿ ಹಾಕಲು ಹೆದರಬೇಡಿ. "ಏನು ಬೇಕಾದರೂ ಮಾಡು" ಎಂದರೆ ಮಗು ಕಳೆದ ಸಲ ಮಾಡಿದ್ದನ್ನೇ ಮಾಡುತ್ತದೆ. "ಒಂದೇ ಹಾಳೆ, ಒಂದು ಗೇಣು ಅಂಟುಪಟ್ಟಿ, ಕತ್ತರಿ ಇಲ್ಲ" ಎಂದರೆ ಯೋಚಿಸಲೇಬೇಕಾಗುತ್ತದೆ.

## ಹಂತ 5: ಆರಿಸಿ, ಪರೀಕ್ಷಿಸಿ ನೋಡುವುದು (ಮೂರು ವಾರ)

ಸೃಜನಶೀಲತೆ ಕಲಿಸಲು ಹೊರಟವರಲ್ಲಿ ಬಹುತೇಕರು ನಾಲ್ಕನೆಯ ಹಂತದಲ್ಲೇ ತೃಪ್ತರಾಗುತ್ತಾರೆ. ಗೋಡೆ ತುಂಬ ಐಡಿಯಾ ಚೀಟಿ, ಒಂದನ್ನೂ ಪರೀಕ್ಷಿಸಿಲ್ಲ. ತೀರ್ಪು ನಿಮ್ಮ ಮುಖದಿಂದ ವಸ್ತುವಿಗೆ ದಾಟುವುದು ಈ ಹಂತದಲ್ಲಿ, ಹಾಗಾಗಿ ಎರಡು ಚಟುವಟಿಕೆಗಳನ್ನು ಪೂರ್ತಿ ವಿವರದೊಂದಿಗೆ ಕೊಟ್ಟಿದೆ.

### ಕಾಗದದ ಸೇತುವೆ (5 ವರ್ಷದಿಂದ)

ಒಂದೇ ಎತ್ತರದ ಎರಡು ಪುಸ್ತಕದ ಅಟ್ಟಿಗಳನ್ನು 20 ಸೆಂಟಿಮೀಟರ್ ಅಂತರದಲ್ಲಿಡಿ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, ಉದ್ದಕ್ಕೆ ಹಾಸಿದರೆ ಎರಡೂ ಬದಿ ಸುಮಾರು 5 ಸೆಂಟಿಮೀಟರ್ ಆನಿಕೊಳ್ಳುತ್ತದೆ. ಪ್ರಶ್ನೆ: ಈ ಒಂದು ಹಾಳೆ ಎಷ್ಟು ನಾಣ್ಯ ಹೊರುತ್ತದೆ?

1. ಮೊದಲು ಊಹೆ ಬರೆಯಲಿ. ಬರೆಯದಿದ್ದರೆ ಫಲಿತಾಂಶ ಕಂಡಮೇಲೆ "ನನಗೆ ಮೊದಲೇ ಗೊತ್ತಿತ್ತು" ಎಂಬ ಮಾತು ಬರುತ್ತದೆ. ಇದು ದೊಡ್ಡವರಿಗೂ ಅನ್ವಯಿಸುವ ಮಾತು.
2. ಮಟ್ಟಸ ಹಾಳೆಯ ನಡುವೆ ಒಂದೊಂದೇ ನಾಣ್ಯ ಇಡಿ. ಬೇಗನೆ ಬಾಗಿ ಬೀಳುತ್ತದೆ. ಸಂಖ್ಯೆ ಬರೆದಿಡಿ.
3. "ಹಾಳೆ ಅದೇ ಇರಬೇಕು, ಆಕಾರ ಮಾತ್ರ ಬದಲಿಸಬಹುದು" ಎಂದು ಹೇಳಿ ಸುಮ್ಮನಾಗಿ. ಮಡಿಕೆಯ ಮಾತೆತ್ತಬೇಡಿ.
4. ಪ್ರತಿ ಸಲ ಒಂದನ್ನೇ ಬದಲಿಸಬೇಕು. ಹಾಳೆ ಮಡಿಸಿ, ಪುಸ್ತಕಗಳನ್ನೂ ಹತ್ತಿರ ತಂದರೆ ಯಾವುದರಿಂದ ಬಲ ಬಂತೆಂದು ತಿಳಿಯುವುದಿಲ್ಲ. ಮಗು ಎರಡನ್ನೂ ಬದಲಿಸಿದರೆ ತಡೆಯಬೇಡಿ, ಆಮೇಲೆ ಕೇಳಿ: "ಯಾವುದರಿಂದ ಹೀಗಾಯ್ತು ಅಂತ ಹೇಗೆ ಹೇಳೋದು?"
5. ಒಂದೇ ಪ್ರಯೋಗವನ್ನು ಮೂರು ಸಲ ಮಾಡಲಿ. ಮೂರೂ ಸಲ ಒಂದೇ ಸಂಖ್ಯೆ ಬರುವುದಿಲ್ಲ ಎಂಬುದೂ ಒಂದು ಪಾಠ.

ನೀವು ತಿಳಿದಿರಬೇಕಾದ್ದು, ಮಗುವಿಗೆ ಹೇಳಬಾರದ್ದು: ಒಂದು ಸೆಂಟಿಮೀಟರ್ ಅಗಲದ ಏರಿಳಿತದ ಮಡಿಕೆಗಳು ಅಟ್ಟಿಯಿಂದ ಅಟ್ಟಿಗೆ ಹಾಯುವಂತಿದ್ದರೆ ಹಾಳೆ ಹಲವು ಪಟ್ಟು ಭಾರ ಹೊರುತ್ತದೆ. ಅದೇ ಮಡಿಕೆಗಳು ಅಡ್ಡಕ್ಕಿದ್ದರೆ ಮಟ್ಟಸ ಹಾಳೆಗಿಂತಲೂ ಬೇಗ ಕುಸಿಯುತ್ತದೆ. ಮಡಿಕೆಗಳು ತುದಿಯಲ್ಲಿ ಹರಡಿಕೊಂಡಾಗಲೂ ಸೋಲುತ್ತದೆ. ಅಡ್ಡ ಮಡಿಸಿ ಸೋತ ಮಗು "ಮಡಿಸಿದರೆ ಪ್ರಯೋಜನ ಇಲ್ಲ" ಎಂದು ತೀರ್ಮಾನಿಸುವುದು ಸಾಮಾನ್ಯ. ನಿಮಗೆ ಬಾಯಿ ತುರಿಸುವುದೂ ಆಗಲೇ. "ಇದೇ ಮಡಿಕೆ ಇಟ್ಟುಕೊಂಡು ಇನ್ನೇನು ಬದಲಿಸಬಹುದು?" ಎಂದಷ್ಟೇ ಕೇಳಿ, ಅಂದು ಹೊಳೆಯದಿದ್ದರೆ ಮರುದಿನಕ್ಕೆ ಬಿಡಿ.

### ಗುಟ್ಟಿನ ನಿಯಮ (8 ವರ್ಷದಿಂದ)

ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಮನೆಯಾಟವಾಗಿ ಬಹಳ ಚೆನ್ನಾಗಿ ಹೊಂದುತ್ತದೆ. ಮನಸ್ಸಿನಲ್ಲಿ ಒಂದು ನಿಯಮ ಇಟ್ಟುಕೊಳ್ಳಿ: "ಮೂರು ಸಂಖ್ಯೆಗಳು ಏರುತ್ತಾ ಹೋಗಬೇಕು." ಮಗುವಿಗೆ ಇಷ್ಟೇ ಹೇಳಿ: "2, 4, 6 ನನ್ನ ನಿಯಮಕ್ಕೆ ಸರಿ. ನಿಯಮ ಕಂಡುಹಿಡಿ. ಯಾವ ಮೂರು ಸಂಖ್ಯೆ ಬೇಕಾದರೂ ಹೇಳು, ನಾನು ಹೌದು, ಇಲ್ಲ ಅಂತೀನಿ."

ಮಗು 8, 10, 12 ಅನ್ನುತ್ತದೆ. ಹೌದು. 20, 22, 24. ಹೌದು. "ಎರಡೆರಡು ಕೂಡುತ್ತಾ ಹೋಗೋದು!" ಅಲ್ಲ. ವಯಸ್ಕರೂ ಇದೇ ಗುಂಡಿಗೆ ಬೀಳುತ್ತಾರೆ, ಏಕೆಂದರೆ ತಮ್ಮ ಊಹೆಗೆ ಹೊಂದುವ ಉದಾಹರಣೆಗಳನ್ನಷ್ಟೇ ಕೇಳುತ್ತಾ ಹೋಗುತ್ತಾರೆ. ಇಲ್ಲಿ ನೀವು ಕಲಿಸಬೇಕಾದ ವಾಕ್ಯ ಒಂದು: "ನನ್ನ ಊಹೆ ತಪ್ಪಾಗಿದ್ದರೆ ಯಾವುದನ್ನು ಕೇಳಿದರೆ ಗೊತ್ತಾಗುತ್ತೆ?" ಅದನ್ನು ಹಿಡಿದ ಮಗು 1, 2, 7 ಎಂದು ಕೇಳುತ್ತದೆ. "ಹೌದು" ಬಂದಾಗ ತನ್ನ ಊಹೆ ಮುರಿದದ್ದು ಅದಕ್ಕೇ ಕಾಣುತ್ತದೆ, ನಿಮ್ಮ ಅಪ್ಪಣೆ ಬೇಕಾಗುವುದಿಲ್ಲ.

ಚಿಕ್ಕ ಮಕ್ಕಳಿಗೆ ಸಂಖ್ಯೆಯ ಬದಲು ವಸ್ತು ಬಳಸಿ: "ನನ್ನ ಪೆಟ್ಟಿಗೆಗೆ ಕೆಲವು ಮಾತ್ರ ಸೇರುತ್ತವೆ" ಎಂದು ಕೆಂಪು ಮುಚ್ಚಳ, ಕೆಂಪು ಪೆನ್ಸಿಲ್ ಹಾಕಿ. ನಿಯಮ ಕೆಂಪು ಬಣ್ಣ ಅಲ್ಲ, "ಒಂದೇ ಕೈಯಲ್ಲಿ ಹಿಡಿದುಕೊಳ್ಳಬಹುದಾದದ್ದು" ಎಂದಿರಲಿ. ಕೆಂಪಲ್ಲದ ವಸ್ತುವನ್ನು ಯಾವಾಗ ಪರೀಕ್ಷಿಸುತ್ತದೆ ಎಂದು ಕಾಯಿರಿ.

ಮಗು ಸೋತು ಅಳುವ ಸ್ವಭಾವದ್ದಾದರೆ ಮೊದಲ ಎರಡು ಸುತ್ತು ಮಗು ನಿಯಮ ಮಾಡಲಿ, ನೀವು ಊಹಿಸಿ. ನಿಮ್ಮ ಊಹೆ ಮುರಿದಾಗ "ಓ, ಇದು ಗೊತ್ತಾಯ್ತಲ್ಲ" ಎನ್ನಿ. ನಾಟಕ ಬೇಕಾಗುವುದಿಲ್ಲ, ಮಕ್ಕಳ ನಿಯಮಗಳು ನಿಜಕ್ಕೂ ಕಷ್ಟವಿರುತ್ತವೆ.

## ಹಂತ 6: ಒಪ್ಪದಿರುವುದನ್ನು ಕಲಿಸುವುದು

1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಸುತ್ತಲಿನವರೆಲ್ಲ ಗೆರೆಯ ಉದ್ದವನ್ನು ತಪ್ಪಾಗಿ ಹೇಳಿದಾಗ ಕಣ್ಣಿಗೆ ಕಂಡದ್ದನ್ನೇ ಬಿಟ್ಟು ಅವರಂತೆಯೇ ಹೇಳಿದವರು ಬಹಳ ಜನ. ಆದರೆ ಗುಂಪಿನಲ್ಲಿ ಒಬ್ಬರಾದರೂ ಸರಿಯುತ್ತರ ಹೇಳಿದಾಗ ಈ ಒತ್ತಡ ತೀವ್ರವಾಗಿ ಇಳಿಯಿತು. ಮಗುವಿಗೆ ಮೊದಮೊದಲು ಆ ಒಬ್ಬರು ನೀವೇ ಆಗಬೇಕು.

1. ಮೂರು ವಾಕ್ಯ ಬಾಯಿಪಾಠ ಮಾಡಿಸಿ: "ನನಗೆ ಹಾಗನ್ನಿಸಲ್ಲ, ಯಾಕಂದ್ರೆ...", "ಅದು ನಿಮಗೆ ಹೇಗೆ ಗೊತ್ತಾಯ್ತು?", "ಈಗ ನನ್ನ ಅಭಿಪ್ರಾಯ ಬದಲಾಯ್ತು, ಯಾಕಂದ್ರೆ..." ಮೂರನೆಯದನ್ನು ಮಗುವಿನ ಎದುರು ನೀವು ಆಗಾಗ ಹೇಳದಿದ್ದರೆ ಮೊದಲ ಎರಡು ಬರೀ ವಾದವಾಗುತ್ತವೆ.
2. ವಾರಕ್ಕೊಮ್ಮೆ ತಪ್ಪು ಹಿಡಿಯುವ ಆಟ: "ಈಗ ಹೇಳೋದರಲ್ಲಿ ಮೂರು ತಪ್ಪಿದೆ, ಹಿಡಿ." ಮುಂಚೆಯೇ ಹೇಳಿ ಆಡಿ. ಹೇಳದೆ ಸುಳ್ಳು ತುರುಕಿದರೆ ಮಗು ಕಲಿಯುವುದು ಯೋಚನೆಯನ್ನಲ್ಲ, ಅಪನಂಬಿಕೆಯನ್ನು.
3. ಪ್ರಶ್ನೆ ಪುಸ್ತಕದ ನಾಲ್ಕನೆಯ ಗುಂಪಿನಿಂದ ಒಂದನ್ನು ತೆಗೆದುಕೊಳ್ಳಿ. ಮಗು ಒಂದು ಪಕ್ಷ ಹಿಡಿದು ಎರಡು ಕಾರಣ ಕೊಡಲಿ. ಆಮೇಲೆ ಪಕ್ಷ ಬದಲಿಸಿ ಇನ್ನೆರಡು ಕೊಡಲಿ.
4. ಅಂತರ್ಜಾಲದಲ್ಲೋ ಎಐ ಸಹಾಯಕದಲ್ಲೋ ಉತ್ತರ ಹುಡುಕುವ ಮೊದಲು ತನ್ನ ಊಹೆಯನ್ನು ಬರೆಯಲಿ. ಸಿಕ್ಕ ಉತ್ತರಕ್ಕೆ ಮೂರು ಪ್ರಶ್ನೆ: ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಹೇಗೆ ಗೊತ್ತು, ಬೇರೆ ಕಡೆಯೂ ಹೀಗೇ ಇದೆಯಾ. ಎಐ ತಪ್ಪನ್ನೂ ಅದೇ ಆತ್ಮವಿಶ್ವಾಸದಿಂದ ಹೇಳುವುದರಿಂದ ಅದರ ಉತ್ತರವನ್ನು ಎರಡನೆಯ ಮೂಲದಲ್ಲಿ ನೋಡುವುದು ಕಡ್ಡಾಯವಾಗಲಿ.

ಚರ್ಚೆಗೆ ಸಿಗದ ವಿಷಯಗಳನ್ನು ಮೊದಲೇ ಪಟ್ಟಿ ಮಾಡಿ ಹೇಳಿಬಿಡಿ: ರಸ್ತೆ, ಬೆಂಕಿ, ವಿದ್ಯುತ್, ಆಳದ ನೀರು, ಔಷಧಿ. ಕಾರಣವನ್ನು ಬೇಕಾದರೆ ಆಮೇಲೆ ಕೇಳಬಹುದು, ಆ ಕ್ಷಣದಲ್ಲಿ ಪಾಲಿಸಬೇಕು. ಪಟ್ಟಿ ಚಿಕ್ಕದಿದ್ದಷ್ಟೂ ಬೆಲೆ ಹೆಚ್ಚು. ನಿಮಗೆ ಸಮಯವಿಲ್ಲದ್ದನ್ನೆಲ್ಲ ಅದಕ್ಕೆ ಸೇರಿಸುತ್ತಾ ಹೋದರೆ ಆರನೆಯ ಹಂತ ಅಲ್ಲಿಗೆ ಮುಗಿಯಿತು.

## ಹಂತ 7: ನಿರ್ಧಾರ ಒಪ್ಪಿಸುವುದು, ಸಹಾಯವನ್ನು ಹಿಂತೆಗೆಯುವುದು

4–5 ವರ್ಷಕ್ಕೆ ಎರಡರಲ್ಲಿ ಒಂದನ್ನು ಆರಿಸುವುದು. 6–8ಕ್ಕೆ ಒಂದು ಮಧ್ಯಾಹ್ನದ ಯೋಜನೆ: ಏನು ಮಾಡುವುದು, ಏನು ಬೇಕು, ಎಷ್ಟು ಹೊತ್ತು. 9–12ಕ್ಕೆ ಒಂದೆರಡು ವಾರದ ಕೆಲಸ, ಅರ್ಧಕ್ಕೆ ಬಿಡುವ ಹಕ್ಕಿನ ಸಮೇತ; ಬಿಡುವುದಾದರೆ ಕಾರಣ ಬರೆಯಬೇಕು. ಯಾವ ಉತ್ತರ ಬಂದರೂ ನಿಮಗೆ ಒಪ್ಪಿಗೆಯಿರುವ ವಿಷಯವನ್ನು ಮಾತ್ರ ಒಪ್ಪಿಸಿ. ಆರಿಸಲು ಹೇಳಿ, ಆರಿಸಿದ ಮೇಲೆ "ಅದು ಬೇಡ" ಅನ್ನುವುದು ಆಯ್ಕೆಯನ್ನೇ ಕೊಡದಿರುವುದಕ್ಕಿಂತ ಕೆಟ್ಟದ್ದು.

ಮಗು ಸಿಕ್ಕಿಕೊಂಡಾಗ ಸಹಾಯ ಈ ಕ್ರಮದಲ್ಲಿರಲಿ: ಕಾಯಿರಿ; "ಏನು ಮಾಡಬೇಕು ಅಂತಿದೀಯ, ನನಗೆ ಹೇಳು" ಅನ್ನಿ; ಎಲ್ಲಿ ನೋಡಬೇಕೆಂದು ಬೆರಳು ತೋರಿಸಿ; ಇಂಥದ್ದೇ ಸಣ್ಣ ಸಮಸ್ಯೆಯೊಂದನ್ನು ಕೊಡಿ; ಕೊನೆಗೆ ಜೊತೆಯಲ್ಲಿ ಮಾಡಿ. ಹೆಚ್ಚಿನವರು ಮೊದಲ ಮೆಟ್ಟಿಲಿನಿಂದ ನೇರ ಐದಕ್ಕೆ ಹಾರುತ್ತಾರೆ. ಎರಡನೆಯದರಲ್ಲೇ ಕೆಲಸ ಆಗಿಹೋಗುವುದು ಎಷ್ಟೋ ಸಲ. ಮಗು ಹೇಳುತ್ತಾ ಹೇಳುತ್ತಾ ತಾನೇ ತಪ್ಪು ಹಿಡಿದುಕೊಳ್ಳುತ್ತದೆ. ಮುಂದಿನ ಸಲ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಶುರು.

## ಹೊಗಳಿಕೆ ಮತ್ತು ಬಹುಮಾನ

ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬಿಡಿಸಿದರೆ ಪ್ರಶಸ್ತಿ" ಎಂದು ಮೊದಲೇ ಹೇಳಿ ಕೊಟ್ಟಾಗ, ಒಂದೆರಡು ವಾರಗಳ ನಂತರ ಬಿಡುವಿನ ಹೊತ್ತಿನಲ್ಲಿ ಅವರು ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಹಾಗಾಗಲಿಲ್ಲ. ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರ 1973ರ ಈ ಪ್ರಯೋಗದಿಂದ ತೆಗೆದುಕೊಳ್ಳಬೇಕಾದ್ದು: ಮಗು ತಾನಾಗಿ ಮಾಡುತ್ತಿರುವುದಕ್ಕೆ ಬಹುಮಾನ ಘೋಷಿಸಬೇಡಿ, ಗೋಡೆಗೆ ಸ್ಟಾರ್ ಚಾರ್ಟ್ ಅಂಟಿಸಬೇಡಿ.

ಮನಶ್ಶಾಸ್ತ್ರಜ್ಞರಾದ ಮ್ಯುಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ "ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಸೋಲಿನ ನಂತರ ಬೇಗ ಕೈಬಿಟ್ಟರು. ಆದರೆ ಕೂತಲ್ಲಿ ನಿಂತಲ್ಲಿ "ಎಷ್ಟು ಕಷ್ಟಪಟ್ಟೆ!" ಎನ್ನುವುದೂ ಮಗುವಿಗೆ ಟೊಳ್ಳೆಂದು ಬೇಗ ತಿಳಿಯುತ್ತದೆ. ಕಂಡದ್ದನ್ನು ಹೇಳಿ: "ಮೊದಲು ಅಡ್ಡ ಮಡಿಸಿದ್ದೆ, ಆಮೇಲೆ ತಿರುಗಿಸಿದೆ."

## ಎಚ್ಚರಿಕೆಯ ಗುರುತುಗಳು

ಪ್ರತಿ ಗೆರೆಗೂ "ಇದು ಸರೀನಾ?" ತೀರ್ಪು ಇನ್ನೂ ನಿಮ್ಮದೇ. ಎರಡನೆಯ ಹಂತಕ್ಕೆ ಹಿಂತಿರುಗಿ, "ನಿನಗೆ ಹೇಗೆ ಗೊತ್ತಾಗಬಹುದು?" ಎಂದು ಕೇಳಿ ವಸ್ತುವಿನ ಕಡೆ ನೋಡಿ.

ಅರ್ಥವಿಲ್ಲದ ವಿಚಿತ್ರ ಉತ್ತರಗಳ ಸುರಿಮಳೆ. ನೀವು ನಗುವುದನ್ನು ಮಗು ಗಮನಿಸಿದೆ. ನಾಲ್ಕನೆಯ ಹಂತ ನಿಲ್ಲಿಸಿ, ಐದನೆಯದನ್ನು ಹಿಡಿಯಿರಿ.

ಎಲ್ಲಕ್ಕೂ "ಇಲ್ಲ, ನಾನು ಒಪ್ಪಲ್ಲ". "ಯಾಕಂದ್ರೆ" ಬಿಟ್ಟುಹೋಗಿದೆ. ಕಾರಣ ಬರುವವರೆಗೆ ಜಗಳವಾಡದೆ ಕಾಯಿರಿ.

ಮಾಡಿದ್ದನ್ನು ಅಡಗಿಸಿಡುವುದು, ಹಾಳೆ ಹರಿಯುವಷ್ಟು ಅಳಿಸುವುದು. ಯಾರೋ ಹೋಲಿಸುತ್ತಿದ್ದಾರೆ, ಅಣ್ಣ, ಅಕ್ಕ, ನೆರೆಮನೆಯ ಮಗು, ಯಾರ ಜೊತೆಗಾದರೂ ಇರಬಹುದು. ಮೊದಲು ಅದು ನಿಲ್ಲಬೇಕು. ತಪ್ಪಿನ ಭಯ ನಿದ್ದೆ, ಊಟ, ಶಾಲೆಗೆ ಹೋಗುವುದು ಇವನ್ನೇ ಕೆಡಿಸುತ್ತಿದ್ದರೆ ಅದು ಈ ಅಭ್ಯಾಸಗಳಿಂದ ಸರಿಹೋಗುವಂಥದ್ದಲ್ಲ, ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಮಗುವಿನ ಕೆಲಸದ ಮೇಲೆ ನಿಮ್ಮ ಕೈ. ಗೆರೆ ನೇರ ಮಾಡಿದಿರಿ, ಅಂಟು ಸರಿಯಾಗಿ ಹಚ್ಚಿದಿರಿ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳಿ.

## ತರಗತಿಯಲ್ಲಿ ಮಾಡುವುದಾದರೆ

ಕ್ರಮ ಅದೇ. ಪ್ರಶ್ನೆ ಕೇಳಿದ ಕೂಡಲೇ ಕೈಯೆತ್ತಲು ಬಿಡಬೇಡಿ, ಬಿಟ್ಟರೆ ದಿನವೂ ಅದೇ ನಾಲ್ಕು ಕೈ ಮೇಲೇಳುತ್ತವೆ, ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಒಂದು ನಿಮಿಷ ಎಲ್ಲರೂ ಬರೆಯಲಿ, ಎರಡು ನಿಮಿಷ ಪಕ್ಕದವರಿಗೆ ಹೇಳಲಿ, ಆಮೇಲೆ ನೀವು ಹೆಸರು ಕರೆಯಿರಿ. "ನಿನ್ನ ಪಕ್ಕದವಳು ಏನಂದಳು?" ಎಂದು ಕೇಳಿದರೆ ಮಾತಿಗೆ ಹಿಂಜರಿಯುವ ಮಗುವಿನ ಆಲೋಚನೆಯೂ ಹೊರಬರುತ್ತದೆ, ಕೇಳಿಸಿಕೊಳ್ಳುವುದೂ ಅಭ್ಯಾಸವಾಗುತ್ತದೆ. ಏಳೂ ಹಂತಕ್ಕೆ ಪುರುಸೊತ್ತಿಲ್ಲದಿದ್ದರೆ ಎರಡನೆಯದು ಮತ್ತು ಐದನೆಯದನ್ನು ಇಟ್ಟುಕೊಂಡು ಉಳಿದವನ್ನು ಮುಂದಿನ ಅವಧಿಗೆ ಬಿಡಿ.